ಓರ್ಲವ್ವನ ತಾಟು

ಪರದೇಶಕ್ಕೆ ಹೋಗಿ ಬಂದವಳನ್ನು ನಮ್ಮ ಓಣಿಯವರು ಮೊದಲು ಕೇಳುವುದು ಸಮುದ್ರದ ಸುದ್ದಿಯನ್ನೇ. ಗುಳೇದಗುಡ್ಡದ ನಮ್ಮ ಓಣಿಯಲ್ಲಿ ಸಮುದ್ರ ಕಂಡವರು ಯಾರೂ ಇಲ್ಲ. ನಾನು ಬಂದ ದಿನ ಚೀಲ ಕೆಳಗಿಡುವ ಮೊದಲೇ ನಾಲ್ಕು ಮಂದಿ ಬಾಗಿಲಲ್ಲಿ ನಿಂತು "ಹೆಂಗಿತ್ತ ಲೀಲಾ, ಸಮುದ್ರ?" ಎಂದರು. ನೋಡಲಿಲ್ಲ ಎಂದೆ. ಯಾರೂ ನಂಬಲಿಲ್ಲ. ಆರು ವಾರ ಇದ್ದು, ಸಮುದ್ರದ ದಂಡೆಯ ರಾಜಧಾನಿಯಿಂದಲೇ ವಿಮಾನ ಹತ್ತಿ ಬಂದವಳು ಸಮುದ್ರ ನೋಡಿಲ್ಲವೆಂದರೆ ಯಾರು ನಂಬುತ್ತಾರೆ? ಯಾಕೆ ನೋಡಲಿಲ್ಲ ಎಂದು ಹೇಳಹೊರಟರೆ ಆ ಊರಿನ ಕಥೆಯನ್ನೆಲ್ಲ ಹೇಳಬೇಕಾಗುತ್ತದೆ. ಇಷ್ಟು ದಿನ ಅರ್ಧರ್ಧ ಹೇಳಿ ಕೈಬಿಟ್ಟಿದ್ದೆ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ನಾನು ಆಗ ಸಿವಿಲ್ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಹಳೆಯ ಕಲ್ಲಿನ ಸೇತುವೆಗಳನ್ನು ಕಾಪಾಡುವುದು ಹೇಗೆ ಎಂದು ಕಲಿಸುವ ಬೇಸಿಗೆ ಶಾಲೆಯೊಂದನ್ನು ಆ ಊರಿನ ವಿಶ್ವವಿದ್ಯಾಲಯ ಪ್ರತಿ ವರ್ಷ ನಡೆಸುತ್ತಿತ್ತು. ಎರಡು ವರ್ಷ ಸಂಜೆ ತರಗತಿಗೆ ಹೋಗಿ ಅವರ ಭಾಷೆ ಕಲಿತಿದ್ದೆನೆಂದು ನನ್ನನ್ನು ಆರಿಸಿದರು. ಭಾಷೆ ಕಲಿಯುವುದು ನನಗೆ ಕಷ್ಟವಾಗಲಿಲ್ಲ, ಏಕೆಂದರೆ ನಾವು ಹುಟ್ಟಾ ಮಾತಿನ ಮಲ್ಲರು. ನಮ್ಮ ಮನೆಯಲ್ಲಿ ನಾಲ್ಕು ಜನ. ನಾಲ್ಕೂ ಜನ ಒಂದೇ ಹೊತ್ತಿಗೆ ಮಾತಾಡುತ್ತೇವೆ, ಆದರೂ ಯಾರು ಏನೆಂದರೆಂದು ಎಲ್ಲರಿಗೂ ತಿಳಿಯುತ್ತದೆ. ಅವ್ವನದು ಇನ್ನೊಂದು ರೀತಿ. ಅಪ್ಪನ ಮೇಲಿನ ಸಿಟ್ಟು, ನೆರೆಯವರ ಮೇಲಿನ ಸಿಟ್ಟು, ನಮ್ಮ ಮೇಲಿನ ಸಿಟ್ಟು ಎಲ್ಲವನ್ನೂ ಅವಳು ಪಾತ್ರೆ ತಿಕ್ಕುವಾಗ ಪಾತ್ರೆಗೆ ಹೇಳಿ ಬೈಯುತ್ತಾಳೆ. ತೊಳೆದು ಬೋರಲು ಹಾಕಿದರೆ ಸಿಟ್ಟೂ ಅಲ್ಲಿಗೆ ಮುಗಿಯಿತು. ಒಳಗಿದ್ದವರು ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಪಾತ್ರೆಗೆ ಬೈಯುವ ಈ ಚಟ ಅವ್ವನಿಂದ ನನಗೂ ಬಂದಿದೆ.

ಹೊರಡುವ ದಿನ ಅವ್ವ ಶೇಂಗಾ ಚಟ್ನಿಯ ಡಬ್ಬಿ ಚೀಲದ ತಳಕ್ಕೆ ತುರುಕಿ, "ಸಮುದ್ರದಾಗ ಕಾಲ ಇಟ್ಟ ಬಾ. ನೀರು ಖರೇನ ಉಪ್ಪು ಇರತೈತೇನ, ಒಂದ ಹನಿ ನಾಲಿಗಿಗೆ ಹಚ್ಚಿ ನೋಡಿ ನನಗ ಹೇಳು" ಎಂದಳು. ಶಾಲೆ ಮುಗಿದ ಮೇಲೆ ವಿಮಾನಕ್ಕೆ ಮೊದಲು ರಾಜಧಾನಿಯಲ್ಲಿ ಒಂದು ಇಡೀ ದಿನ ಸಿಗುವಂತೆ ನಾನೇ ಟಿಕೆಟು ಮಾಡಿಸಿಕೊಂಡಿದ್ದೆ. ಆ ದಿನ ಸಮುದ್ರಕ್ಕೆಂದೇ ಮೀಸಲಿತ್ತು.

ಆ ಊರಿನ ಸ್ಟೇಷನ್ನಿನಲ್ಲಿ ರೈಲಿಳಿದಾಗ ಸಂಜೆ ನಾಲ್ಕರ ಸುಮಾರು. ನನ್ನ ಹೆಸರು ಬರೆದ ರಟ್ಟು ಹಿಡಿದುಕೊಂಡು ಅರವತ್ತೈದರ ಆಚೀಚಿನ ಒಬ್ಬ ಹೆಂಗಸು ಗಡಿಯಾರದ ಕಂಬದ ಕೆಳಗೆ ನಿಂತಿದ್ದಳು. ನನ್ನನ್ನು ಕಂಡು ನಕ್ಕಳು, ತುಟಿ ಆಡಿಸಿದಳು. ಮಾತು ಬರಲಿಲ್ಲ. ನಾನು ಏನೋ ಹೇಳಿದೆ. ನನ್ನದು ನನಗೇ ಕೇಳಲಿಲ್ಲ. ವಿಮಾನದಲ್ಲಿ ಕಿವಿ ಕಟ್ಟಿದ್ದು ಇನ್ನೂ ಬಿಟ್ಟಿಲ್ಲ ಎಂದುಕೊಂಡು ಮೂಗು ಹಿಡಿದು ಊದಿದೆ, ತಲೆ ಕೊಡವಿದೆ. ಅವಳ ನಗು ಮಾತ್ರ ಸ್ಪಷ್ಟವಾಗಿ ಕೇಳಿತು. ರೈಲಿನ ಸೀಟಿಯೂ ಕೇಳಿತು, ಪಾರಿವಾಳದ ರೆಕ್ಕೆಯೂ ಕೇಳಿತು. ಅವಳು ಕೈ ಹಿಡಿದು ಮನೆಗೆ ಕರೆದೊಯ್ದಳು. ಮರುದಿನ ನಾಲ್ಕಕ್ಕೆ ಐದು ನಿಮಿಷವಿರುವಾಗ ಮತ್ತೆ ಕೈ ಹಿಡಿದು ಅದೇ ಕಂಬದ ಕೆಳಗೆ ತಂದು ನಿಲ್ಲಿಸಿದಳು. ಅವಳ ಬಾಯಿ ಮುಚ್ಚಿಕೊಂಡೇ ಇತ್ತು. ಆದರೆ ಪಕ್ಕದ ಗಾಳಿಯಿಂದ ಅವಳ ದನಿ ಬಂತು.

"ಬಾ ಮಗಳ. ಹಾದಿಯಾಗ ತ್ರಾಸ ಆತೇನು? ಹಸಿದಿರಬೇಕು. ನನ್ನ ಹೆಸರು ಓರ್ಲಾ. ಮನಿ ದೂರಿಲ್ಲ, ನಡಕೋತ ಹೋಗೂಣು."

ಅದರ ಹಿಂದೆಯೇ ನನ್ನ ದನಿ, "ಅಯ್ಯ, ನನ್ನ ಕಿವಿ ಕೆಟ್ಟಾವು, ಏನೂ ಕೇಳವಲ್ದು" ಎಂದು ಬೊಬ್ಬೆ ಹೊಡೆಯಿತು. ಪ್ಲಾಟ್‌ಫಾರ್ಮಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಅವಳು ಆಡಿದ್ದು ಅವರ ಭಾಷೆಯಲ್ಲಿ. ನಾನು ನಮ್ಮೂರಿನ ಮಾತಿನಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಕಿವಿಗೆ ಅದು ಹಾಗೆಯೇ ಬಿತ್ತು. ಅಲ್ಲಿ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯುತ್ತಾರೆ. ನನಗೆ ನಾಲಿಗೆ ಏಳಲಿಲ್ಲ. ಅದಕ್ಕೇ ಅವಳನ್ನು ಓರ್ಲವ್ವ ಎಂದೆ. ಹಾಗೆಂದರೇನೆಂದು ತಿಳಿದುಕೊಂಡ ಮೇಲೆ ಅವಳು ನೆರೆಹೊರೆಯವರಿಗೆಲ್ಲ ತಾನು ಓರ್ಲವ್ವನೆಂದು ಹೇಳಿಕೊಂಡು ತಿರುಗಿದಳು.

ಆ ಊರಿನಲ್ಲಿ ಇವತ್ತು ಆಡಿದ ಮಾತು ನಾಳೆ ಕೇಳುತ್ತದೆ. ಆಡಿದ ಜಾಗದಲ್ಲಿಯೇ, ಆಡಿದ ಹೊತ್ತಿಗೇ, ಒಂದೇ ಸಲ. ನಗು, ಅಳು, ಕೆಮ್ಮು, ನಾಯಿ, ಗಂಟೆ ಎಲ್ಲ ಆಗಿಂದಾಗಲೇ. ಮಾತು ಮಾತ್ರ ಒಂದು ದಿನ ತಡ. ಹಾಗಾಗಿ ಊರವರೆಲ್ಲ ಗಡಿಯಾರದ ಮೇಲೆ ಕಣ್ಣಿಟ್ಟು ಬದುಕುತ್ತಾರೆ. ನಿನ್ನೆ ಯಾರಾದರೂ ನಿಮ್ಮನ್ನು ಅಂಗಡಿಯ ಮುಂದೆ ನಿಲ್ಲಿಸಿ ಮಾತಾಡಿಸಿದ್ದರೆ ಇವತ್ತು ಅದೇ ಹೊತ್ತಿಗೆ ಅಲ್ಲಿಗೆ ಹೋಗಿ ನಿಂತು ಕೇಳಿಸಿಕೊಳ್ಳಬೇಕು. ಅವಸರದ ಕೆಲಸಕ್ಕೆ ಎಲ್ಲರ ಬಗಲಲ್ಲೂ ಒಂದು ಹಲಗೆ ಇರುತ್ತದೆ. ಅದರ ಮೇಲೆ ಉಪ್ಪು, ಎಣ್ಣೆ, ದವಾಖಾನೆ, ಬೆಂಕಿ ಇಂಥವನ್ನು ಬರೆದು ತೋರಿಸುತ್ತಾರೆ. ಮನಸ್ಸಿನ ಮಾತನ್ನು ಹಲಗೆಯ ಮೇಲೆ ಬರೆಯುವುದು ಮಾತ್ರ ಅಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ. ಗಂಡಹೆಂಡಿರ ಜಗಳ ಮುಗಿಯಲು ವಾರ ಬೇಕು. ಜಗಳ ಬಿಡಿಸಲು ಬಂದವರು ಅವಸರ ಮಾಡುವುದಿಲ್ಲ, ಉಂಡು ಮಲಗಿ ಮರುದಿನ ಬರುತ್ತಾರೆ.

ನಮ್ಮ ದೆರಾನ್ ಮಾಸ್ತರರಿಗೆ ಎರಡು ಕೋಣೆಗಳಿದ್ದವು. ಇವತ್ತು ಒಂಬತ್ತಕ್ಕೆ ಒಂದು ಕೋಣೆಯಲ್ಲಿ ಖಾಲಿ ಬೆಂಚುಗಳಿಗೆ ಪಾಠ ಮಾಡುತ್ತಿದ್ದರು. ನಾಳೆ ಒಂಬತ್ತಕ್ಕೆ ನಾವು ಆ ಕೋಣೆಗೆ ಹೋಗಿ ಖಾಲಿ ವೇದಿಕೆಯ ಮುಂದೆ ಕೂತು ಪಾಠ ಕೇಳುತ್ತಿದ್ದೆವು. ಅಷ್ಟೊತ್ತಿಗೆ ಅವರು ಇನ್ನೊಂದು ಕೋಣೆಯಲ್ಲಿರುತ್ತಿದ್ದರು. ನಾವು ಸೋಮವಾರ ಕೇಳಿದ ಪ್ರಶ್ನೆಗೆ ಬುಧವಾರ ಉತ್ತರ. ಅಷ್ಟರೊಳಗೆ ಅರ್ಧ ಪ್ರಶ್ನೆಗಳಿಗೆ ನಮಗೇ ಉತ್ತರ ಹೊಳೆದಿರುತ್ತಿತ್ತು, ಉಳಿದರ್ಧ ಕೇಳಿದ್ದೇ ತಪ್ಪೆಂದು ಗೊತ್ತಾಗಿರುತ್ತಿತ್ತು. ಪಾಠಕ್ಕೆಂದು ನಾವು ಅಳೆಯುತ್ತಿದ್ದುದು ಊರಾಚೆಯ ಹೊಳೆಯ ಮೇಲಿನ ಸೇತುವೆಯನ್ನು. ಊರಿನ ಕಟ್ಟಳೆ ನಡೆಯುವುದು ಆ ಸೇತುವೆಯ ನಡುಗಲ್ಲಿನ ತನಕ ಮಾತ್ರ. ಅದನ್ನು ದಾಟಿ ಒಂದು ಹೆಜ್ಜೆ ಆಚೆ ಇಟ್ಟರೆ ಮಾತು ಎಲ್ಲ ಕಡೆಯಂತೆ ಕೂಡಲೇ ಕೇಳುತ್ತದೆ. ಭಾನುವಾರ ಸಂಜೆ ನಾನು ನಡುಗಲ್ಲಿನ ಆಚೆ ನಿಂತು ಮನೆಗೆ ಫೋನು ಮಾಡುತ್ತಿದ್ದೆ. "ನಿನ್ನಿ ಆಡಿದ್ದು ಇವತ್ತು ಕೇಳತೈತಿ ಬೇ ಇಲ್ಲೆ" ಎಂದು ಅವ್ವನಿಗೆ ಹೇಳಿದರೆ, "ನಿಮ್ಮಪ್ಪಗ ಇಪ್ಪತ್ತೈದ ವರ್ಷದ ಹಿಂದ ಆಡಿದ್ದು ಇನ್ನೂ ಕೇಳಿಲ್ಲ" ಎಂದಳು.

ಇನ್ನು ತಾಟಿನ ಸಂಗತಿ. ಓರ್ಲವ್ವ ನನ್ನನ್ನು ಎರಡನೆಯ ದಿನ ಸ್ಟೇಷನ್ನಿಗೆ ಕರೆದೊಯ್ದಾಗ, ಒಳ್ಳೆಯ ಕೋಟು ತೊಟ್ಟ ಒಬ್ಬ ಮನುಷ್ಯ ಹಳಿಗಳ ಕಡೆ ಮುಖ ಮಾಡಿ ನಿಂತು ಹಿತ್ತಾಳೆಯ ತಾಟೊಂದನ್ನು ಕಟ್ಟಿಗೆಯಿಂದ ದಬದಬ ಬಡಿಯುತ್ತಿದ್ದುದನ್ನು ಕಂಡಿದ್ದೆ. ಒಂದು ನಿಮಿಷ ಬಡಿದು, ತಾಟನ್ನು ಬಗಲಲ್ಲಿಟ್ಟುಕೊಂಡು ಹೊರಟುಹೋದ. ಊರೊಳಗೂ ದಿನಕ್ಕೆ ನಾಲ್ಕಾರು ಸಲ ಯಾವುದೋ ಮನೆಯಿಂದ ಆ ಸದ್ದು ಬರುತ್ತಿತ್ತು. ಎಲ್ಲರ ಬಾಗಿಲ ಬದಿಯಲ್ಲೂ ಮೊಳೆಗೆ ಒಂದು ತಾಟು ತೂಗುಬಿದ್ದಿರುತ್ತಿತ್ತು. ಓರ್ಲವ್ವನನ್ನು ಕೇಳಿದೆ. ಮರುದಿನ ಆಕೆ ಅದನ್ನು ಕೇಳಿಸಿಕೊಂಡಳು, ಅದರ ಮರುದಿನ ಊಟದ ಮೇಜಿನ ಬಳಿ ನನಗೆ ಉತ್ತರ ಸಿಕ್ಕಿತು.

"ಆಡಬಾರದ್ದು ಆಡಿದವರು ಮರುದಿನ ಅದ ಹೊತ್ತಿಗೆ ಅದ ಜಾಗಾದಾಗ ನಿಂತು ತಾಟು ಬಡೀತಾರ ಮಗಳ. ಮಾತು ಆ ಸದ್ದಿನ್ಯಾಗ ಮುಳುಗಿ ಹೋಗತೈತಿ. ಸ್ಟೇಷನ್‌ದಾಗ ಬಡಿಯೂದು ಬ್ಯಾರೆ. ಹೊಂಟ ರೈಲಿಗೆ ಮಂದಿ ಏನೇನರ ಹೇಳ್ತಾರ. ಹೋದವರು ನಾಳೆ ಇಲ್ಲಿರಂಗಿಲ್ಲ, ಕೇಳಂಗಿಲ್ಲ ಅಂತ ಧೈರ್ಯ. ಮರುದಿನ ಬಂದು ಬಡದು ಹೋಗ್ತಾರ. ತಾಟಿನ ಸದ್ದು ಕೇಳಿದ್ರ ನಾವು ಆಚಿ ನೋಡಬೇಕು, ಏನಿತ್ತಂತ ಕೇಳಬಾರದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ ನಮ್ಮವರು. ಅಲ್ಲಿ ಆಡಿದ ಮಾತು ಹೋಗುವುದಕ್ಕೆ ಒಂದು ದಿನದ ಗಡುವಿದೆ. ಎಂಥ ಚಲೋ ಪದ್ಧತಿ ಎಂದು ನನಗೆ ಬಹಳ ಖುಷಿಯಾಯಿತು. ನನಗೂ ಅದರ ಗರಜು ಬೀಳುತ್ತದೆಂದು ಮಾತ್ರ ಹೊಳೆಯಲಿಲ್ಲ.

ಓರ್ಲವ್ವನ ಕಸುಬು ಗಡಿಯಾರ ರಿಪೇರಿ. ಮುಂದಿನ ಕೋಣೆಯ ತುಂಬ ಗಡಿಯಾರಗಳು, ಮನೆಯ ತುಂಬ ಎಣ್ಣೆಯ ವಾಸನೆ. ಪ್ರತಿ ಬೇಸಿಗೆಗೆ ಶಾಲೆಯಿಂದ ಒಬ್ಬ ಹುಡುಗಿಯನ್ನು ಮನೆಯಲ್ಲಿಟ್ಟುಕೊಳ್ಳುತ್ತಿದ್ದಳು. ಅಡುಗೆಮನೆಯ ಗೋಡೆಯ ಮೇಲೆ ಹಿಂದಿನ ಹನ್ನೊಂದು ಹುಡುಗಿಯರ ಫೋಟೊಗಳಿದ್ದವು. ಅವಳ ಸ್ವಂತದವರ ಫೋಟೊ ಒಂದೂ ಇರಲಿಲ್ಲ. ದಿನಾ ಬೆಳಿಗ್ಗೆ ನಾನು ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲಿನ ಬಳಿ ಅವಳು ನಿನ್ನೆ ನನಗಾಗಿ ಆಡಿಟ್ಟ ಮಾತು ಕಾಯುತ್ತಿರುತ್ತಿತ್ತು: "ಇವತ್ತು ಮಳಿ ಬರತೈತಿ, ಛತ್ರಿ ಒಯ್ಯಿ." ಒಂದು ದಿನ ಮೊದಲೇ ಮಳೆಯ ಲೆಕ್ಕ ಹಾಕಿ ಆಡಬೇಕಲ್ಲ, ಎಷ್ಟೋ ಸಲ ತಪ್ಪುತ್ತಿತ್ತು. ಸುಡುಬಿಸಿಲಲ್ಲಿ ನಾನು ಛತ್ರಿ ಹಿಡಿದು ಹೋಗುತ್ತಿದ್ದೆ.

ಮೂರನೆಯ ವಾರದ ಒಂದು ದಿನ ನಮ್ಮಲ್ಲಿ ಪಂಚಮಿ. ಮನೆಯಲ್ಲಿ ಉಂಡಿ ಕಟ್ಟಿರುತ್ತಾರೆ, ಓಣಿಯ ಬೇವಿನ ಗಿಡಕ್ಕೆ ಜೋಕಾಲಿ ಹಾಕಿರುತ್ತಾರೆ, ನಾನಿಲ್ಲದೆ ಗೆಳತಿಯರು ಜೀಕುತ್ತಿರುತ್ತಾರೆ ಎಂದು ಬೆಳಗಿನಿಂದ ಅದೇ ಧ್ಯಾನ. ಮಧ್ಯಾಹ್ನ ಬಂದರೆ ಓರ್ಲವ್ವ ಗಡಿಯಾರ ಕೊಡಲು ಬಜಾರಕ್ಕೆ ಹೋಗಿದ್ದಳು, ಒಲೆಯ ಮೇಲೆ ಗಡ್ಡೆಯ ಸಾರು ಇತ್ತು. ದಿನಾ ಅದೇ ಸಾರು. ಉಂಡು ಪಾತ್ರೆ ತಿಕ್ಕಲು ಕೂತೆ. ಕೈ ಪಾತ್ರೆಗೆ ತಾಗಿದ್ದೇ ಅವ್ವನ ಚಟ ನನ್ನ ಬಾಯಿಗೆ ಬಂತು. ಕನ್ನಡದಲ್ಲಿ ಬೈದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ಒಬ್ಬರೇ ಇದ್ದಾಗಲೂ ಅವರ ಭಾಷೆಯಲ್ಲಿಯೇ ಮಾತಾಡಿ ರೂಢಿ ಮಾಡಿಕೊಳ್ಳಿರೆಂದು ದೆರಾನ್ ಮಾಸ್ತರರು ಹೇಳಿದ್ದರು, ನಾನೋ ಮಾಸ್ತರರ ಮಾತು ಮೀರದ ಜಾಣೆ.

"ಇಪ್ಪತ್ತ ದಿನದಿಂದ ಇದ ಸಾರು," ಎಂದು ಪಾತ್ರೆಗೆ ಹೇಳಿದೆ. "ಉಪ್ಪಿಲ್ಲ, ಖಾರಿಲ್ಲ, ದನಾನೂ ಮೂಸಂಗಿಲ್ಲ. ಮನಿ ತುಂಬ ಎಣ್ಣಿ ನಾತ. ಈ ಮುದುಕಿಗೆ ತನ್ನವರಂತ ಯಾರೂ ಇಲ್ಲ, ಅದಕ್ಕ ವರ್ಷಕ್ಕೊಬ್ಬಾಕಿನ ತಂದು ಮಗಳ ಮಗಳ ಅಂತಾಳ. ಬಾಡಿಗಿ ಮಗಳು. ನಾ ಹೋದ ಮರುದಿನ ಗ್ವಾಡಿಗೆ ಇನ್ನೊಂದು ಫೋಟೊ, ಅಲ್ಲಿಗೆ ಮುಗೀತು." ಹೀಗೇ ಎರಡು ನಿಮಿಷ ಬೈದಿರಬೇಕು. ಎಲ್ಲಿಯೂ ತಡವರಿಸದೆ ಬೈದೆನೆಂದು ಒಳಗೊಳಗೇ ಹೆಮ್ಮೆಯೂ ಆಯಿತು. ಪಾತ್ರೆ ಬೋರಲು ಹಾಕಿದೆ. ಸಿಟ್ಟು ಹೋಯಿತು. ಅವತ್ತು ರಾತ್ರಿ ಓರ್ಲವ್ವ ಬಜಾರದಿಂದ ತಂದ ಹಣ್ಣು ತಿಂದು ಸುಖವಾಗಿ ಮಲಗಿದೆ.

ಮರುದಿನ ನಾವು ಸೇತುವೆಯ ಕಮಾನು ಅಳೆಯುತ್ತಿದ್ದೆವು. ನಾನು ಟೇಪಿನ ಒಂದು ತುದಿ ಹಿಡಿದು ಎಷ್ಟಿದೆಯೆಂದು ನೋಡಲು ಬಗ್ಗಿದೆ. ಮುಂಗೈಯ ಗಡಿಯಾರ ಕಣ್ಣಿಗೆ ಬಿತ್ತು. ಹನ್ನೆರಡಕ್ಕೆ ಐದು ನಿಮಿಷ. ಪಾತ್ರೆಗೆ ಬೈದದ್ದು ಹನ್ನೆರಡೂಕಾಲಿಗೆ. ಇವತ್ತು ಆ ಹೊತ್ತಿಗೆ ಓರ್ಲವ್ವ ಅಡುಗೆಮನೆಯಲ್ಲೇ ಊಟಕ್ಕೆ ಕೂತಿರುತ್ತಾಳೆ. ಟೇಪು ಬಿಸಾಕಿ ಓಡಿದೆ. ಹಿಂದೆ ಯಾರು ಕೂಗಿದರೋ, ಕೂಗಿದ್ದರೂ ಅದು ನಾಳೆಯ ಮಾತು. ಬಜಾರ ದಾಟಿ, ಚರಂಡಿ ಹಾರಿ, ಎದೆ ಒಡೆಯುವಂತೆ ಓಡಿ ನಮ್ಮ ಓಣಿಯ ತಿರುವಿಗೆ ಬಂದೆ. ಆಗ ನಮ್ಮ ಮನೆಯಿಂದ ತಾಟಿನ ಸದ್ದು ಶುರುವಾಯಿತು.

ಒಳಗೆ ಹೋದರೆ ಓರ್ಲವ್ವ ಅಡುಗೆಮನೆಯ ಕಿಟಕಿಯ ಬಳಿ ನಿಂತು ತಾಟು ಬಡಿಯುತ್ತಿದ್ದಳು. ನನ್ನನ್ನು ಕಂಡು ಇನ್ನೆರಡು ಸಲ ಬಡಿದು ನಿಲ್ಲಿಸಿದಳು, ಒಂದು ಲೋಟ ನೀರು ಕೊಟ್ಟಳು, ಏನೋ ಹೇಳಿದಳು. ನಾನು ಅವಳ ಕೈ ಹಿಡಿದು ತಪ್ಪಾಯಿತೆಂದೆ. ಇಬ್ಬರ ಮಾತೂ ಇಬ್ಬರಿಗೂ ಕೇಳದೆ ಬರೀ ನನ್ನ ತೇಕು ಕೇಳುತ್ತಿತ್ತು. ಮರುದಿನ ಅದೇ ಹೊತ್ತಿಗೆ ಇಬ್ಬರೂ ಅಲ್ಲಿಯೇ ಹೋಗಿ ನಿಂತೆವು. ನನ್ನ "ತಪ್ಪಾತು ಓರ್ಲವ್ವ, ತಪ್ಪಾತು" ಎನ್ನುವುದರ ನಡುವೆ ಅವಳ ಮಾತು ಕೇಳಿಸಿತು.

"ಕುಂದ್ರು ಮಗಳ, ದಮ್ಮು ಹತ್ತೈತಿ. ಸಾರಿಗೆ ಉಪ್ಪಿಲ್ಲ ಅಂದದ್ದು ಕೇಳಿತು, ಅದು ಖರೇನ ಐತಿ. ಮುಂದಿಂದು ತಾಟಿನ ಸದ್ದಿನ್ಯಾಗ ಹೋತು. ನಾ ಏನೂ ಕೇಳಿಲ್ಲ. ನಾಳಿಂದ ಅಡಗಿ ನೀನ ಮಾಡು."

ಬೇರೆಯವರ ಮಾತಿಗೆ ತಾನು ತಾಟು ಬಡಿಯುವುದು ಆ ಊರಿನಲ್ಲಿ ಬಹಳ ದೊಡ್ಡ ಮನಸ್ಸಿನ ಕೆಲಸ. ಎಷ್ಟೋ ಮಂದಿಗೆ ಜನ್ಮದಲ್ಲಿ ಒಮ್ಮೆಯೂ ಅಂಥದ್ದು ಸಿಗುವುದಿಲ್ಲವಂತೆ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಪೂರ್ತಿ ಇಳಿಯಿತು ಎನ್ನುವಂತಿಲ್ಲ, ಒಂದು ಹರಳು ಉಳಿಯಿತು. ತಿರುವಿನಲ್ಲಿ ತಾಟಿನ ಸದ್ದು ಶುರುವಾದಾಗ ನಾನು ಗಡಿಯಾರ ನೋಡಿದ್ದೆ. ಹನ್ನೆರಡು ಗಂಟೆ ಹದಿನೇಳು ನಿಮಿಷವಾಗಿತ್ತು. ಹನ್ನೆರಡೂಕಾಲಿಗೆ ಶುರುವಾದ ಎರಡು ನಿಮಿಷದ ಬೈಗುಳ ಅಷ್ಟೊತ್ತಿಗೆ ಮುಗಿದೇ ಹೋಗಿರಬೇಕು. ನನ್ನ ಗಡಿಯಾರ ಎರಡು ನಿಮಿಷ ಮುಂದೆ ಓಡುತ್ತಿರಬೇಕೆಂದು ಸಮಾಧಾನ ಮಾಡಿಕೊಂಡೆ. ಆದರೆ ಆ ಗಡಿಯಾರವನ್ನು ವಾರದ ಹಿಂದಷ್ಟೇ ಓರ್ಲವ್ವನೇ ಬಿಚ್ಚಿ ಸರಿಮಾಡಿ ಕೊಟ್ಟಿದ್ದಳು.

ಕೇಳೋಣವೆಂದರೆ ತಾಟಿನ ಹಿಂದಿನದನ್ನು ಕೇಳುವ ಹಾಗಿಲ್ಲ. ಉಳಿದ ಮೂರು ವಾರ ಆ ಹರಳು ಇಟ್ಟುಕೊಂಡೇ ಸುಖವಾಗಿದ್ದೆ. ನಿಜವಾಗಿಯೂ ಸುಖವಾಗಿದ್ದೆ. ಗಡ್ಡೆಯ ಸಾರಿಗೆ ಉಪ್ಪು ಬಿತ್ತು, ಒಣಮೆಣಸಿನಕಾಯಿ ಬಿತ್ತು, ಅವ್ವನ ಶೇಂಗಾ ಚಟ್ನಿ ಬಿತ್ತು. ಓರ್ಲವ್ವ ಮೊದಲ ದಿನ ಕಣ್ಣಲ್ಲಿ ನೀರು ಹಾಕಿಕೊಂಡು ಕೆಮ್ಮಿದಳು, ನಾಲ್ಕನೆಯ ದಿನ ತಾನೇ ಡಬ್ಬಿ ಎಳೆದುಕೊಂಡಳು. ನಿನ್ನೆಯ ಚೇಷ್ಟೆಗೆ ಇವತ್ತು ನಗುವುದು ರೂಢಿಯಾಯಿತು. ನಿನ್ನೆ ಏನೆಂದಿದ್ದೆನೋ ನನಗೇ ಮರೆತಿರುತ್ತಿತ್ತು, ಕೇಳಿ ನಾನೂ ಅವಳ ಜೊತೆ ಹೊಸದಾಗಿ ನಗುತ್ತಿದ್ದೆ. ರಾತ್ರಿ ಮಲಗುವ ಮುಂಚೆ, ನಾಳೆ ಇವಳಿಗೆ ಕೇಳಲೆಂದು ಇವತ್ತು ಏನು ಆಡಿಡಲಿ ಎಂದು ಯೋಚಿಸಿ ಒಂದು ಚಲೋ ಮಾತು ಆಡಿಟ್ಟು ಮಲಗುತ್ತಿದ್ದೆ. ಹುಟ್ಟಿದಾಗಿನಿಂದ ನಾನು ಯೋಚಿಸಿ ಮಾತಾಡಿದ್ದೆಂದರೆ ಆ ಮೂರು ವಾರವೇ ಇರಬೇಕು.

ಶಾಲೆ ಮುಗಿಯಿತು. ದೆರಾನ್ ಮಾಸ್ತರರು ಬೀಳ್ಕೊಡುವ ಭಾಷಣವನ್ನು ಒಂದು ದಿನ ಮೊದಲೇ ಮಾಡಿಟ್ಟಿದ್ದರು. ನಾವು ಕೇಳಿ ಚಪ್ಪಾಳೆ ತಟ್ಟಿದೆವು. ಓರ್ಲವ್ವನೂ ಹೇಳಬೇಕಾದ್ದನ್ನೆಲ್ಲ ಹಿಂದಿನ ದಿನವೇ ಹೇಳಿ ಮುಗಿಸಿದ್ದಳು. ಹೊರಡುವ ದಿನ ಮನೆಯ ಮೂಲೆ ಮೂಲೆಯಲ್ಲೂ ಅವಳ ಮಾತು ಸಿಕ್ಕಿತು: ಹಾದಿಯಾಗ ಹುಷಾರು, ಊರು ಮುಟ್ಟಿದ ಮ್ಯಾಲ ಪತ್ರ ಬರಿ, ನಿಮ್ಮವ್ವಗ ಚಟ್ನಿ ಚಲೋ ಇತ್ತಂತ ಹೇಳು. ಇನ್ನೇನೂ ಉಳಿದಿರಲಿಲ್ಲ. ಬೇರೆ ಹುಡುಗರೆಲ್ಲ ಬೆಳಗಿನ ಗಾಡಿಗೆ ಹೋದರು. ಓರ್ಲವ್ವನ ಜೊತೆ ಕೊನೆಯ ಊಟ ಮಾಡಿ ನಾಲ್ಕು ಹತ್ತರ ಗಾಡಿಗೆ ನಾನೊಬ್ಬಳೇ ಹೊರಟೆ. ನಾನು ಬೋಗಿ ಹತ್ತಿ ಕಿಟಕಿಯ ಬಳಿ ಕೂತೆ. ಅವಳು ಗಡಿಯಾರದ ಕಂಬದ ಕೆಳಗೆ ನಗುತ್ತ ನಿಂತಿದ್ದಳು. ಗಾರ್ಡು ಹಸಿರು ಬಾವುಟ ಬೀಸಿದ. ಗಾಡಿ ಅಲುಗಾಡಿತು. ಆಗ ಅವಳ ತುಟಿಗಳು ಆಡತೊಡಗಿದವು. ಒಂದೆರಡು ಮಾತಲ್ಲ, ಬಹಳ ಹೇಳುತ್ತಿದ್ದಳು. ನನ್ನ ಕಡೆ ನೋಡಿಯೇ ಹೇಳುತ್ತಿದ್ದಳು. ಗಾಡಿ ತಿರುವು ಹೊರಳುವವರೆಗೂ ಅವಳ ತುಟಿ ನಿಂತಿರಲಿಲ್ಲ.

ಹೊಂಟ ರೈಲಿಗೆ ಹೇಳುವ ಮಾತು. ನಾಳೆ ಇದೇ ಹೊತ್ತಿಗೆ ಅವಳು ತಾಟು ಹಿಡಿದು ಬರುತ್ತಾಳೆ, ಬಡಿಯುತ್ತಾಳೆ, ಆ ಮಾತು ಲೋಕದಲ್ಲಿ ಯಾರ ಕಿವಿಗೂ ಬೀಳದೆ ಮುಗಿಯುತ್ತದೆ. ಆ ಹನ್ನೆರಡೂ ಹದಿನೇಳರ ಸಂಗತಿ ಅದರಲ್ಲಿದೆ ಎಂದು ನನಗೆ ಯಾಕೋ ಖಾತ್ರಿಯಾಯಿತು. ಒಂದು ತಾಸಿನ ಮೇಲೆ ಜಂಕ್ಷನ್ ಬಂತು. ಅಲ್ಲಿ ಇಳಿದು ರಾಜಧಾನಿಯ ಗಾಡಿ ಹತ್ತಬೇಕು. ಇಳಿದೆ, ಹತ್ತಲು ಕಾಲು ಬರಲಿಲ್ಲ. ಅವ್ವನಿಗೆ ಫೋನು ಹಚ್ಚಿ ಎಲ್ಲ ಹೇಳಿದೆ, ಪಾತ್ರೆಗೆ ಬೈದದ್ದನ್ನೂ ಹೇಳಿದೆ. ಅವ್ವ ನಡುವೆ ಬಾಯಿ ಹಾಕದೆ ಕೇಳಿದ್ದು ಅದೊಂದೇ ಸಲ.

"ಹಿರ್ಯಾಳು ನಿನ್ನ ಮಾರಿ ನೋಡಿ ಮಾತಾಡ್ಯಾಳ, ನೀ ಕೇಳದ ಬಂದ್ರ ಹೆಂಗ?" ಎಂದಳು.

"ಅದನ್ನ ಯಾರೂ ಕೇಳಬಾರದಂತ ಬೇ. ಅಲ್ಲಿ ಪದ್ಧತಿ ಇಲ್ಲ."

"ಕೇಳಬಾರದಿದ್ರ ಅಕಿ ತಾಟು ಬಡೀತಾಳ. ಬಡಿಯೂದು ಅಕಿ ಕೈಯಾಗೈತಿ. ಹೋಗಿ ನಿಂದರೂದು ನಿನ್ನ ಕಾಲಾಗೈತಿ."

"ಹೊಳ್ಳಿ ಹೋದ್ರ ಸಮುದ್ರ ತಪ್ಪತೈತಿ. ನಾಡದ ವಿಮಾನ."

"ಸಮುದ್ರ ಎಲ್ಲಿ ಓಡಿ ಹೋಗತೈತಿ. ಹೋಗು ನೀ."

ಆ ರಾತ್ರಿ ಜಂಕ್ಷನ್ನಿನ ಬೆಂಚಿನ ಮೇಲೆ ಮಲಗಿದ್ದು, ಮರುದಿನ ಮಧ್ಯಾಹ್ನದ ಬಸ್ಸು ಹಿಡಿದು ಸೇತುವೆಯ ಬಳಿ ಇಳಿದೆ. ನಡುಗಲ್ಲು ದಾಟುವ ಮುಂಚೆ ಒಂದು ಸಲ ನಿಂತು ನನ್ನ ಹೆಸರನ್ನು ನಾನೇ ಹೇಳಿಕೊಂಡೆ, ಮಾತು ಕೂಡಲೇ ಕೇಳುವುದು ಇಲ್ಲಿಗೇ ಕೊನೆಯೆಂದು. ಸ್ಟೇಷನ್ನು ಮುಟ್ಟಿದಾಗ ಮೂರೂವರೆ. ಗಡಿಯಾರದ ಕಂಬದ ಕೆಳಗೆ ನಿಂತುಕೊಂಡೆ. ಪ್ಲಾಟ್‌ಫಾರ್ಮಿನ ಮೇಲೆ ಬೇರೆ ಯಾರೂ ಇರಲಿಲ್ಲ.

ನಾಲ್ಕು ದಾಟಿ ಐದು ನಿಮಿಷಕ್ಕೆ ಗಾಡಿ ಬಂದು ನಿಂತಿತು. ಅದರ ಹಿಂದೆಯೇ ಓರ್ಲವ್ವ ಗೇಟಿನಲ್ಲಿ ಕಾಣಿಸಿಕೊಂಡಳು, ಬಗಲಲ್ಲಿ ಬಟ್ಟೆ ಸುತ್ತಿದ ತಾಟು. ತಲೆ ತಗ್ಗಿಸಿ ಬರುತ್ತಿದ್ದವಳು ಹತ್ತು ಹೆಜ್ಜೆ ದೂರದಲ್ಲಿ ನನ್ನನ್ನು ನೋಡಿದಳು. ನಿಂತಳು. ಸಂತೋಷವೋ ಸಿಟ್ಟೋ ನನಗೆ ಗೊತ್ತಾಗಲಿಲ್ಲ, ಬಹುಶಃ ಅವಳಿಗೂ ಗೊತ್ತಾಗಲಿಲ್ಲ. ಮೆಲ್ಲಗೆ ಬಂದು ನನ್ನ ಪಕ್ಕದಲ್ಲಿ ನಿಂತು ಬಟ್ಟೆ ಬಿಚ್ಚಿದಳು, ಎಡಗೈಯಲ್ಲಿ ತಾಟು ಹಿಡಿದಳು, ಬಲಗೈಯಲ್ಲಿ ಕಟ್ಟಿಗೆ ಎತ್ತಿದಳು. ತಡೆಯಲು ನನ್ನ ಕೈ ಮುಂದೆ ಹೋಗುತ್ತಿತ್ತು. ಅವ್ವನ ಮಾತು ನೆನಪಾಯಿತು. ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಮೇಲಿನ ಗಡಿಯಾರದ ಮುಳ್ಳು ನಾಲ್ಕು ಹತ್ತಕ್ಕೆ ಬಂತು.

ಓರ್ಲವ್ವ ಕಟ್ಟಿಗೆ ಕೆಳಗಿಳಿಸಿದಳು. ಗಾರ್ಡು ನಮ್ಮಿಬ್ಬರನ್ನು ನೋಡಿ, ಎತ್ತಿದ ಬಾವುಟವನ್ನು ಮಡಚಿ, ಮುಖ ಆ ಕಡೆ ತಿರುಗಿಸಿಕೊಂಡ.

"ಮಗಳ, ಅವತ್ತ ನಾ ಎಲ್ಲಾ ಕೇಳಿದ್ದೆ," ಎಂದಿತು ಅವಳ ದನಿ, ನಮ್ಮಿಬ್ಬರ ನಡುವಿನಿಂದ. "ಮೊದಲಿಂದ ಕಡೀತನಕ ಕೇಳಿದೆ. ತಾಟು ಗ್ವಾಡಿಗೇ ಇತ್ತು, ಏಳಾಕ ಕಾಲಾಗ ಶಕ್ತಿ ಇರಲಿಲ್ಲ. ಆಮ್ಯಾಲ ಕಿಟಕಿಯಾಗ ನೀ ಓಡಿ ಬರೂದು ಕಂಡಿತು. ಆವಾಗ ಎದ್ದು ಬಡದೆ. ಮಾತು ಮುಚ್ಚಾಕ ಅಲ್ಲ, ಮಾತು ಮುಗದ ಹೋಗಿತ್ತು. ನಿನ್ನ ಮಾರಿ ನೋಡಿ ಬಡದೆ, ನೀ ಹಗರ ಆಗಲಿ ಅಂತ. ನೀ ಅಂದದ್ದು ಸುಳ್ಳಲ್ಲ. ವರ್ಷಕ್ಕೊಬ್ಬಾಕಿನ ತಂದು ಮಗಳ ಅಂತೀನಿ, ಖರೆ. ಆದ್ರ ನನ್ನ ಸಲುವಾಗಿ ಹಂಗ ಓಡಿ ಬಂದಾಕಿ ನೀ ಒಬ್ಬಾಕೀನ. ನಿನ್ನ ಫೋಟೊ ಗ್ವಾಡಿಗೆ ಹಾಕಂಗಿಲ್ಲ ನಾ. ಹಾಕಿದ್ರ ನೀ ಹೋದಿ ಅಂತ ಆಗತೈತಿ."

ಮಾತು ನಿಂತ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಾರದೆ ಹಳಿಗಳ ಕಡೆ ನೋಡುತ್ತ ನಿಂತೆವು. ಅಳು ಮಾತ್ರ ಆ ಊರಿನಲ್ಲಿ ತಡವಾಗುವುದಿಲ್ಲ. ನನ್ನದು ಅವಳಿಗೆ ಕೇಳಿತು, ಅವಳದು ನನಗೆ ಕೇಳಿತು. ಆಮೇಲೆ ನಾನು ಅವಳ ಕಡೆ ತಿರುಗಿ ಹೇಳಬೇಕಾದ್ದನ್ನು ಹೇಳಿದೆ. ನಮ್ಮ ಮನೆಯವರಂತೆ ಉದ್ದಕ್ಕೆ ಎಳೆಯಲಿಲ್ಲ, ಎಣಿಸಿ ನಾಲ್ಕೇ ಮಾತು. ಅವಳು ನನ್ನ ತುಟಿಗಳನ್ನು ಓದಲು ನೋಡಲಿಲ್ಲ. ನಾಳೆ ಕೇಳುತ್ತೇನಲ್ಲ ಎನ್ನುವಂತೆ ತಲೆಯಾಡಿಸಿ, ತಾಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ನನ್ನ ಚೀಲದ ಬಾಯಿ ಬಿಚ್ಚಿ ಚಟ್ನಿಯ ಖಾಲಿ ಡಬ್ಬಿಯ ಪಕ್ಕ ತುರುಕಿದಳು. ನಾನು ಬೇಡವೆಂದು ಕೈಯಾಡಿಸಿದೆ. ಅವಳು ನನ್ನನ್ನು ಬೋಗಿಯ ಕಡೆ ನೂಕಿದಳು.

ಮರುದಿನ ನಾನು ವಿಮಾನದಲ್ಲಿದ್ದೆ. ಪಕ್ಕದ ಸೀಟಿನ ಅಜ್ಜ ನನ್ನ ತೋಳು ತಟ್ಟಿ, ಕಿಟಕಿಯಲ್ಲಿ ಸಮುದ್ರ ಕಾಣುತ್ತಿದೆ ನೋಡು ಎಂದರು. ನಾನು ಆಗ ಗಡಿಯಾರ ನೋಡುತ್ತಿದ್ದೆ. ಆ ಊರಿನ ಹೊತ್ತನ್ನೇ ಇನ್ನೂ ಇಟ್ಟುಕೊಂಡಿದ್ದ ಆ ಗಡಿಯಾರದಲ್ಲಿ ನಾಲ್ಕು ದಾಟಿ ಹದಿಮೂರು ನಿಮಿಷವಾಗಿತ್ತು. ನನ್ನ ನಾಲ್ಕು ಮಾತು ಈಗ ಕಂಬದ ಕೆಳಗೆ ಕೇಳುತ್ತಿರಬೇಕು. ತಾಟು ನನ್ನ ತೊಡೆಯ ಮೇಲಿತ್ತು. ಓರ್ಲವ್ವ ಬರಿಗೈಯಲ್ಲಿ ನಿಂತು ಕೇಳುತ್ತಿದ್ದಳು.